ನಾನ್ನೂರ ಹದಿನೇಳರ ಬಿಳಿ ಪಟ್ಟೆ

ಇಂಗ್ಲೆಂಡಿನ ಲಫ್‌ಬರೋದಲ್ಲಿ ನನ್ನನ್ನು ಅರಿಯದವರು ಯಾರೂ ಇಲ್ಲ. ಯಾರಾದರೂ ಇದ್ದರೆ ಅವರಿಗೆ ಇನ್ನೂ ಆಪರೇಷನ್ ಆಗಿಲ್ಲ ಎಂದಷ್ಟೇ ಅರ್ಥ. ನಾನು ಡಾಕ್ಟರ್ ಇಂದುಶೇಖರ, ಮೈಸೂರಿನವನು, ಹದಿನೆಂಟು ವರ್ಷದಿಂದ ಈ ಸೀಮೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಅರ್ಧ ಜಿಲ್ಲೆಯನ್ನು ಮಲಗಿಸಿದ್ದೇನೆ. ಎಲ್ಲರನ್ನೂ ಎಬ್ಬಿಸಿಯೂ ಇದ್ದೇನೆ. ಆ ಭಾಗವನ್ನು ಜನ ಮರೆಯುತ್ತಾರೆ. ನನ್ನ ಹೆಂಡತಿ ಅಹಲ್ಯಾ ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು. "ಇವ್ರಿಗೆ ಇಂಜೆಕ್ಷನ್ನೇ ಬೇಡ, ಬಾಯಿ ಬಿಟ್ರೆ ಸಾಕು, ಪೇಷಂಟ್ ನಿದ್ದೆ" ಎಂದು ಅವಳು ನಾಲ್ಕು ಜನ ಕನ್ನಡದವರು ಸೇರಿದ ಕಡೆಯಲ್ಲೆಲ್ಲ ಹೇಳುವುದುಂಟು. ಹೊಟ್ಟೆಕಿಚ್ಚು.

ಸತ್ತೇಹೋಯಿತು ಎಂದು ಎಲ್ಲರೂ ಕೈಬಿಟ್ಟಿದ್ದ ಒಂದನ್ನು ನಾನು ಎಬ್ಬಿಸಿದ ಕಥೆ ಇದು. ಅದರ ತೂಕ ಏಳು ಟನ್.

ಊರಿನ ಹೊರಗೆ, ಹಳೆಯ ಉಗಿ ಎಂಜಿನ್‌ಗಳನ್ನು ಇಂದಿಗೂ ಓಡಿಸುವ ಒಂದು ಪುಟ್ಟ ರೈಲುದಾರಿಯಿದೆ. ಹೆಸರು ಹೇಳುವುದಿಲ್ಲ; ಹೇಳಿದರೆ ನೀವೆಲ್ಲ ನನ್ನನ್ನು ನೋಡಲು ಬಂದು ನೂಕುನುಗ್ಗಲಾಗುತ್ತದೆ. ಟಿಕೆಟ್ ಹರಿಯುವವರಿಂದ ಹಿಡಿದು ಡ್ರೈವರ್‌ವರೆಗೆ ಅಲ್ಲಿ ಎಲ್ಲರೂ ಸಂಬಳವಿಲ್ಲದೆ ದುಡಿಯುವ ಹುಚ್ಚರು. ಶನಿವಾರ ಮನೆಯಲ್ಲಿ ನನ್ನನ್ನು ತಡೆದುಕೊಳ್ಳಲಾರದೆ ಅಹಲ್ಯಾಳೇ ಒಂದು ದಿನ ಕಾರಿನಲ್ಲಿ ಕರೆದೊಯ್ದು ಅಲ್ಲಿ ಇಳಿಸಿ, ಕಿಟಕಿ ಏರಿಸಿಕೊಂಡು ಹೊರಟುಹೋದಳು. ಹೊಸದಾಗಿ ಬಂದವರೆಲ್ಲ ಎಂಜಿನ್ನಿನ ಸುತ್ತ ಬಾಯಿ ತೆರೆದು ನಿಂತಿದ್ದರು. ನಾನು ಅಂಥವನಲ್ಲ. ನೇರ ಹಿಂದಿನ ಶೆಡ್ಡಿಗೆ ಹೋದೆ. ಅಲ್ಲಿ ನಾನ್ನೂರ ಹದಿನೇಳು ನಿಂತಿತ್ತು.

ಅದು ಉಗಿ ಕಾಲದ ಒಂದು ತೆರೆದ ವ್ಯಾಗನ್. ನಾಲ್ಕು ಚಕ್ರ, ನಾಲ್ಕು ಕಬ್ಬಿಣದ ಗೋಡೆ, ಮೇಲೆ ಆಕಾಶ. ಹದಿನಾರು ಟನ್ ಕಲ್ಲಿದ್ದಲು ಹೊರುತ್ತಿತ್ತು. ಅಮೆರಿಕದವರು ಇದರ ದೊಡ್ಡಣ್ಣನನ್ನು ಗೊಂಡೋಲಾ ಎನ್ನುತ್ತಾರೆ, ವೆನಿಸ್ಸಿನ ದೋಣಿಯ ಹೆಸರು. ದೋಣಿಯಲ್ಲಿ ಪ್ರೇಮಿಗಳು ಕೂರುತ್ತಾರೆ, ಇದರಲ್ಲಿ ಕಲ್ಲಿದ್ದಲು ಕೂರುತ್ತದೆ. ಎರಡಕ್ಕೂ ಸೂರಿಲ್ಲ ಎಂಬುದಷ್ಟೇ ನೆಂಟಸ್ತಿಕೆ. ಇಲ್ಲಿಯವರು ಇದಕ್ಕೆ ಚಂದದ ಹೆಸರು ಇಡುವ ಗೋಜಿಗೇ ಹೋಗಲಿಲ್ಲ. ಮೊದಲು ಮರದಲ್ಲಿ ಮಾಡಿದರು, ಒಂದೊಂದು ಗಣಿಯವರೂ ತಮ್ಮ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದಲ್ಲಿ ಲಕ್ಷಗಟ್ಟಲೆ ಮಾಡಿದರು. ಲಕ್ಷ ಎಂದರೆ ನನ್ನ ಲೆಕ್ಕದ ಲಕ್ಷವಲ್ಲ, ನಿಜವಾದ ಲಕ್ಷ. ಎಂಜಿನ್ನಿನ ಹೊಟ್ಟೆಗೆ ಹೋಗುವ ಕಲ್ಲಿದ್ದಲು, ಬರ್ಮಿಂಗ್‌ಹ್ಯಾಮ್ ಕುಲುಮೆಗೆ ಹೋಗುವ ಕಲ್ಲಿದ್ದಲು, ಲೀಡ್ಸಿನ ಅಜ್ಜಿಯ ಒಲೆಗೆ ಹೋಗುವ ಕಲ್ಲಿದ್ದಲು, ಎಲ್ಲ ಇದರ ಬೆನ್ನ ಮೇಲೆಯೇ. ಮ್ಯಾಂಚೆಸ್ಟರಿನ ಮಗ್ಗಗಳು ಓಡಿದ್ದು ಇದರಿಂದ. ಈ ದೇಶ ನಡೆದದ್ದೇ ಇದರಿಂದ. ಆದರೆ ಎಂಜಿನ್ನಿಗೆ ರಾಣಿಯ ಹೆಸರು, ರಾಜಕುಮಾರನ ಹೆಸರು. ಇದಕ್ಕೆ ಬರೀ ನಂಬರು. ಉಗಿ ನಿಂತ ಮೇಲೆ ಗುಜರಿಗೆ ಸಾಲುಸಾಲಾಗಿ ಹೋದವು. ಉದ್ದ ನಂಬರಿನ ಕೊನೆಯ ಮೂರಂಕಿಯಿಂದ ನಾವು ನಾನ್ನೂರ ಹದಿನೇಳು ಎಂದು ಕರೆಯುತ್ತಿದ್ದ ಈ ಒಂದು ಮಾತ್ರ ಯಾವುದೋ ಮುಳ್ಳುಪೊದೆಯಲ್ಲಿ ಅಡಗಿ ಕುಳಿತು ತಪ್ಪಿಸಿಕೊಂಡಿತ್ತು.

ಅದನ್ನು ಪೊದೆಯಿಂದ ಎಳೆದು ತಂದವಳು ಮೌರೀನ್ ಹಾಲಮ್. ಎಪ್ಪತ್ತಾರು ವರ್ಷದ ಹೆಂಗಸು, ವೆಲ್ಡಿಂಗ್ ಮಾಡುತ್ತಾಳೆ. ಅವಳ ಅಪ್ಪ ನಾಟಿಂಗ್‌ಹ್ಯಾಮ್ ಕಡೆಯಲ್ಲಿ ಇಪ್ಪತ್ತೆಂಟು ವರ್ಷ ಇಂಥ ವ್ಯಾಗನ್‌ಗಳ ಬಾಗಿಲು ಬಿಚ್ಚಿ ಕಲ್ಲಿದ್ದಲು ಸುರಿಸಿದವನು. ಅಪ್ಪ ಮುಟ್ಟಿರಬಹುದಾದ ಒಂದಾದರೂ ವ್ಯಾಗನ್ ಮತ್ತೆ ಕಲ್ಲಿದ್ದಲು ಹೊತ್ತು ಸುರಿಸುವುದನ್ನು ನೋಡಬೇಕು ಎಂದು ನಾನು ಹೋಗುವ ಹೊತ್ತಿಗೆ ನಾಲ್ಕು ವರ್ಷದಿಂದ ಅದಕ್ಕೆ ತಗಡು ಹಚ್ಚುತ್ತಿದ್ದಳು. ನನ್ನನ್ನು ಅವಳು 'ಮಿ ಡಕ್' ಎನ್ನುತ್ತಾಳೆ. ಅಂದರೆ 'ನನ್ನ ಬಾತುಕೋಳಿ'. ಈ ಸೀಮೆಯಲ್ಲಿ ಅದು ಅಕ್ಕರೆಯ ಮಾತು. ನನ್ನ ಮಾತಿನ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಅವಳು ಆಡಿದ್ದೆಲ್ಲ ಇಂಗ್ಲಿಷು. ಕನ್ನಡಕ್ಕೆ ತರುವಾಗ ನಾನು ಒಂದೆರಡು ಕಡೆ ಅವಳಿಗೆ ಬುದ್ಧಿ ಹೆಚ್ಚಿಸಿರಬಹುದು.

ಮೊದಲ ದಿನವೇ ಅವಳು ಕೇಳಿದಳು, "ನಿನಗೆ ವ್ಯಾಗನ್ ಬಗ್ಗೆ ಏನು ಗೊತ್ತು?"

ಏನೂ ಗೊತ್ತಿಲ್ಲ ಎನ್ನಬಹುದಿತ್ತು. ಬಾಯಿ ಒಪ್ಪಲಿಲ್ಲ. "ನಾನಾ?" ಎಂದೆ. "ನಾನು ಹುಟ್ಟಿದ್ದೇ ಗೂಡ್ಸ್ ಯಾರ್ಡಿನಲ್ಲಿ. ಒಂಬತ್ತು ವರ್ಷಕ್ಕೇ ಸುತ್ತಿಗೆಯಲ್ಲಿ ಚಕ್ರ ಬಡಿದು, ದನಿ ಕೇಳಿ ಬಿರುಕು ಎಲ್ಲಿದೆ ಅಂತ ಹೇಳುತ್ತಿದ್ದೆ. ರೈಲ್ವೆಗೆ ಇಲ್ಲಿ ಡರ್ಬಿ ಊರು ಹೇಗೋ, ಭಾರತದಲ್ಲಿ ಅರಸೀಕೆರೆ ಹಾಗೆ."

ಇದರಲ್ಲಿ ಒಂದೂ ಸುಳ್ಳಲ್ಲ. ಎಲ್ಲ ನಡೆದದ್ದೇ. ನನಗೆ ನಡೆದದ್ದಲ್ಲ, ಅಷ್ಟೇ. ನಡೆದದ್ದು ನನ್ನ ಮಾವ ಕೆಂಪಣ್ಣನವರಿಗೆ. ಅರಸೀಕೆರೆ ಯಾರ್ಡಿನಲ್ಲಿ ಮೂವತ್ನಾಲ್ಕು ವರ್ಷ ವ್ಯಾಗನ್ ತಪಾಸಣೆ ಮಾಡಿದವರು ಅವರು. ಮದುವೆಯಾದ ಹೊಸದರಲ್ಲಿ ಊಟದ ಎಲೆಯ ಮುಂದೆ ಅವರು ಹೇಳಿದ ಕಥೆಗಳನ್ನು ನಾನು ಸ್ವಲ್ಪ ಎರವಲು ಪಡೆದೆ. ಮಗಳನ್ನೇ ಕೊಟ್ಟವರು ಕಥೆಗೆ ಬೇಡವೆನ್ನುತ್ತಾರೆಯೇ?

ಮೂರು ವರ್ಷ ಹಾಗೆಯೇ ನಡೆಯಿತು. ತುಕ್ಕು ಕೆರೆದೆ, ಬೋಲ್ಟು ತಿರುಗಿಸಿದೆ, ಮಿಕ್ಕ ಹೊತ್ತು ಮಾತಾಡಿದೆ; ಬಿರುಕು ಹಿಡಿದು ರಾತ್ರಿ ಗೂಡ್ಸ್ ರೈಲು ನಿಲ್ಲಿಸಿದ ಮಾವನ ಕಥೆಯೂ ಆಗ ನನ್ನದಾಯಿತು. 2014ರ ಆಗಸ್ಟಿನಲ್ಲಿ ಎರಡು ಸಂಗತಿ ಒಟ್ಟಿಗೆ ಆದವು. ಮೊದಲನೆಯದು, ಆ ಶೆಡ್ಡಿನ ಹಳಿ ಹೊಸದೊಂದು ಎಂಜಿನ್ನಿಗೆ ಬೇಕು ಎಂದು ರೈಲುದಾರಿಯ ಸಮಿತಿ ತೀರ್ಮಾನಿಸಿತು. ಅಕ್ಟೋಬರಿನ ಉಗಿ ಉತ್ಸವದ ಹಿಂದಿನ ದಿನ, ಶುಕ್ರವಾರ, ತಪಾಸಣೆ. ನಾನ್ನೂರ ಹದಿನೇಳು ಪಾಸಾದರೆ ಶನಿವಾರ ಉತ್ಸವದಲ್ಲಿ ಕಲ್ಲಿದ್ದಲು ಸುರಿಯುತ್ತದೆ, ಗೂಡ್ಸ್ ರೈಲಿನ ಸಾಲಿಗೆ ಸೇರುತ್ತದೆ. ಇಲ್ಲದಿದ್ದರೆ ಸೋಮವಾರ ಗುಜರಿಯವನ ಲಾರಿ. ಎರಡನೆಯದು, ನನ್ನ ಮಾವ ಆರು ತಿಂಗಳ ವೀಸಾದಲ್ಲಿ ನಮ್ಮ ಮನೆಗೆ ಬಂದಿಳಿದರು.

ಎರಡು ತಿಂಗಳು ನಾನು ಅವರನ್ನು ಶೆಡ್ಡಿನ ಹತ್ತಿರ ಸುಳಿಯಗೊಡಲಿಲ್ಲ. ಧೂಳು ಎಂದೆ, ಚಳಿ ಎಂದೆ, ಹೊರಗಿನವರನ್ನು ಬಿಡುವುದಿಲ್ಲ ಎಂದೆ. ಅವರು ನಂಬಿದರೋ ಇಲ್ಲವೋ, "ಆಗ್ಲಿ ಬಿಡಿ, ಅಳಿಯಂದ್ರೇ" ಎಂದು ಕಿಟಕಿಯ ಪಕ್ಕ ಕುಳಿತು, ದೂರದಲ್ಲಿ ಹೋಗುವ ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಿದ್ದರು. ಕೆಡಿಸಿದ್ದು ಪಂಚಾಂಗ. ಆ ಶುಕ್ರವಾರವೇ ಆಯುಧಪೂಜೆ.

"ಕಾರಿಗೆ ಪೂಜೆ ಮಾಡ್ತೀವಿ, ವಾಷಿಂಗ್ ಮೆಷಿನ್‌ಗೂ ಮಾಡ್ತೀವಿ," ಎಂದಳು ಅಹಲ್ಯಾ. "ಇವತ್ತೇ ಪರೀಕ್ಷೆ ಇರೋ ಆ ನಿಮ್ಮ ಎರಡನೇ ಸಂಸಾರಕ್ಕೆ ಮಾಡ್ಬೇಡ್ವಾ? ಕ್ಲಿನಿಕ್ ಮುಗಿಸ್ಕೊಂಡು ಎರಡೂವರೆಗೆ ನಾನು ಸಾಮಾನು ತರ್ತೀನಿ. ಅಪ್ಪನ್ನ ನೀವು ಈಗ್ಲೇ ಕರ್ಕೊಂಡ್ ಹೋಗಿ."

"ಮಾವನಿಗೆ ಅಲ್ಲಿ ಚಳಿ..."

"ರೀ, ಅಪ್ಪ ಅರಸೀಕೆರೆ ಯಾರ್ಡಲ್ಲಿ ಬೇಸಿಗೆ ಬಿಸಿಲಿಗೂ ಮಾಘದ ಚಳಿಗೂ ಒಂದೇ ಬನಿಯನ್ ಹಾಕ್ಕೊಂಡು ಕೆಲ್ಸ ಮಾಡ್ದೋರು. ಸುಮ್ನೆ ಕರ್ಕೊಂಡ್ ಹೋಗಿ."

ಮಾವ ಆಗಲೇ ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಶೆಡ್ಡಿನಲ್ಲಿ ಮೌರೀನ್ ಕೈ ಒರೆಸಿಕೊಂಡು ಬಂದಳು. ನಾನು ಪರಿಚಯ ಮಾಡಿಸುವುದಕ್ಕೆ ಮೊದಲೇ ಮಾವನ ಕೈ ಹಿಡಿದು ಕುಲುಕಿ, "ನಿಮ್ಮ ಅಳಿಯ ಒಂಬತ್ತನೇ ವಯಸ್ಸಿಗೆ ಚಕ್ರ ಬಡಿದು ಬಿರುಕು ಹಿಡಿದನಂತಲ್ಲ? ಅರಸೀಕೆರೆಯಲ್ಲಿ? ಆ ರಾತ್ರಿ ಗೂಡ್ಸ್ ರೈಲು ನಿಲ್ಲಿಸಿದನಂತಲ್ಲ?" ಎಂದಳು.

ನಾನು ಮೇಲೆ ನೋಡಿದೆ. ಶೆಡ್ಡಿನ ಸೂರಿನಲ್ಲಿ ಹನ್ನೊಂದು ತೂತಿದ್ದವು. ಅವತ್ತು ಎಣಿಸಿದ್ದು.

ಮಾವನಿಗೆ ಇಂಗ್ಲಿಷು ಬರುತ್ತದೆ. ರೈಲ್ವೆ ಇಂಗ್ಲಿಷು, ನಿಧಾನದ್ದು. ಅವರು ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಬಹಳ ಗಂಭೀರವಾಗಿ, "ಎಸ್. ಐ ವಾಸ್ ದೇರ್," ಎಂದರು. ಅಲ್ಲಿದ್ದೆ. ಅದೂ ಸುಳ್ಳಲ್ಲ. ಯಾರ ಮನೆಯ ಅಳಿಯ ನಾನು ಎಂದು ಆಗ ನನಗೆ ಹೆಮ್ಮೆಯಾಯಿತು.

ಮೌರೀನ್ ಚಹಾ ತರಲು ಹೋದಳು. ಮಾವ ವ್ಯಾಗನ್ನಿನ ಹತ್ತಿರ ಹೋಗಿ ಅಂಗೈಯನ್ನು ತಗಡಿನ ಮೇಲೆ ಇಟ್ಟರು, ಹಸುವಿನ ಬೆನ್ನ ಮೇಲೆ ಇಟ್ಟಹಾಗೆ. "ಅಳಿಯಂದ್ರೇ," ಎಂದರು, "ಆ ಗೂಡ್ಸ್ ನಿಲ್ಲಿಸ್ದಾಗ ನನಗೆ ನಲವತ್ತೊಂದು ವರ್ಷ."

"ಮಾವ, ಅದು ಏನಾಯ್ತು ಅಂದ್ರೆ..."

"ಒಂಬತ್ತೇ ಇರ್ಲಿ ಬಿಡಿ. ಕೇಳಕ್ಕೆ ಚೆನ್ನಾಗಿದೆ." ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಸುತ್ತಿಗೆ ತೆಗೆದುಕೊಂಡು, ನಾಲ್ಕು ಚಕ್ರವನ್ನೂ ಒಂದೊಂದಾಗಿ ಬಡಿದರು. ಟಣ್. ಟಣ್. ಟಣ್. ಟಣ್. ಪ್ರತಿ ಸಲವೂ ದನಿ ಪೂರ್ತಿ ಆರುವವರೆಗೆ ಕತ್ತು ಓರೆ ಮಾಡಿ ನಿಂತರು. "ನಾಲ್ಕೂ ಚೊಕ್ಕ. ದೇವಸ್ಥಾನದ ಗಂಟೆ ಇದ್ದಂಗಿದೆ. ಹೆಂಗ್ಸು ಒಳ್ಳೇ ಕೆಲ್ಸ ಮಾಡವ್ಳೆ. ಈ ಬಿಳೀ ಪಟ್ಟೆ ಏನಿದು? ನಮ್ ಕಡೆ ಇರ್ಲಿಲ್ಲ."

ಕೇಳಬಾರದಿತ್ತು. ಕೇಳಿದ ಮೇಲೆ ನಾನು ಬಿಡಬಾರದಿತ್ತು. ಆದರೆ ಆ ಪಟ್ಟೆ ನನ್ನದು. ಇಡೀ ವ್ಯಾಗನ್ನಿನಲ್ಲಿ ಆರಂಭದಿಂದ ಕೊನೆಯವರೆಗೆ ನಾನೊಬ್ಬನೇ ಮಾಡಿದ ಕೆಲಸ ಅದೊಂದೇ. ಎರಡು ದಿನದ ಹಿಂದೆ, ಗೋಡೆಗೆ ಅಂಟಿಸುವ ದಪ್ಪ ಕಾಗದದಲ್ಲಿ ಆಳುದ್ದದ ಅಚ್ಚು ಕತ್ತರಿಸಿ, ತಗಡಿಗೆ ಟೇಪಿನಲ್ಲಿ ಅಂಟಿಸಿ, ಡಬ್ಬದಲ್ಲಿ ಉಳಿದಿದ್ದ ಕೊನೆಯ ಬಿಳಿ ಬಣ್ಣದಲ್ಲಿ ಬಳಿದಿದ್ದೆ. ಅಂಚು ನೋಡಿದರೆ ಕೈ ಕುಯ್ಯುವಷ್ಟು ಚೂಪು. ಇಂಗ್ಲೆಂಡಿನಲ್ಲಿ ಅಷ್ಟು ನೇರವಾದ ಗೆರೆ ಇನ್ನೊಂದಿಲ್ಲ. ಇಲ್ಲಿಯ ರಸ್ತೆಗಳನ್ನು ನೋಡಿದವರು ಒಪ್ಪುತ್ತಾರೆ.

"ಕೇಳಿ ಮಾವ," ಎಂದೆ, ಎದೆಯುಬ್ಬಿಸಿ. "ಈ ವ್ಯಾಗನ್ನಿಗೆ ಒಂದು ತುದೀಲಿ ಮಾತ್ರ ಬಾಗಿಲು. ಇಡೀ ಗೋಡೇನೇ ಬಾಗಿಲು. ಮೇಲ್ಗಡೆ ಕೀಲು, ಕೆಳಗಡೆ ಚಿಲಕ. ವ್ಯಾಗನ್ ತಂದು ಒಂದು ಕಟ್ಟೆ ಮೇಲೆ ನಿಲ್ಸಿ, ಹಿಂದ್ಗಡೆಯಿಂದ ಎತ್ತಿ, ಚಿಲಕ ಬಡಿದ್ರೆ ಇರೋಬರೋ ಕಲ್ಲಿದ್ದಲೆಲ್ಲಾ ಆ ಬಾಗಿಲಿಂದ ದಡದಡ ಅಂತ ಹೊರಗೆ. ಇನ್ನೊಂದು ತುದಿ ಬರೀ ಗೋಡೆ. ಯಾವ ತುದೀಲಿ ಬಾಗಿಲು ಅಂತ ದೂರದಿಂದ್ಲೇ ತಿಳೀಬೇಕಲ್ಲ? ಅದಕ್ಕೇ ಎರಡು ಪಕ್ಕದಲ್ಲೂ ಈ ಓರೆ ಪಟ್ಟೆ. ಪಟ್ಟೆ ಮೇಲ್ತುದಿ ಯಾವ ಕಡೆಗೋ, ಬಾಗಿಲು ಆ ಕಡೆಗೆ. ಮಂಜಿರ್ಲಿ, ಮಸಿ ಇರ್ಲಿ, ಓದಕ್ಕೆ ಬರದೇ ಇರೋನೂ ಹೇಳ್ಬಹುದು."

"ಭೇಷ್," ಎಂದರು ಮಾವ. "ಇದನ್ನ ಕಂಡುಹಿಡ್ದೋನು ಯಾರ್ಡಲ್ಲಿ ಕೆಲ್ಸ ಮಾಡ್ದೋನೇ." ಪಟ್ಟೆ ನೋಡಿದರು. ಮೇಲ್ತುದಿ ಬಲಕ್ಕೆ. ಬಲ ತುದಿಗೆ ಹೋದರು. ಬಾಗಿಲಿತ್ತು. ತಲೆಯಾಡಿಸಿದರು. ಕೈ ಹಿಂದೆ ಕಟ್ಟಿಕೊಂಡು ಬಾಗಿಲ ತುದಿ ಬಳಸಿ, ಆ ಪಕ್ಕಕ್ಕೆ ಹೋದರು. ನಾನು ಈ ಪಕ್ಕದಲ್ಲೇ ನಿಂತು ನನ್ನ ಗೆರೆಯ ಅಂಚು ನೋಡುತ್ತಿದ್ದೆ.

ಆ ಪಕ್ಕದಲ್ಲಿ ಮಾವನ ಹೆಜ್ಜೆ ನಿಂತಿತು.

"ಅಳಿಯಂದ್ರೇ."

"ಹೇಳಿ ಮಾವ."

"ಈ ಕಡೆ ಪಟ್ಟೇನೂ ಬಲಕ್ಕೇ ಹತ್ತಿದೆಯಲ್ಲ?"

"ಹೌದು, ಎರಡೂ ಒಂದೇ ಅಚ್ಚು. ಕೂದಲೆಳೆ ವ್ಯತ್ಯಾಸ ಇಲ್ಲ."

"ಈ ಕಡೆ ನಿಂತ್ರೆ ಬಾಗಿಲು ಎಡಕ್ಕಿದೆ."

ನನ್ನ ಕಿವಿಯಲ್ಲಿ ಆಪರೇಷನ್ ಕೋಣೆಯ ಯಂತ್ರವೊಂದು ಎಚ್ಚರಿಕೆಯ ಗಂಟೆ ಹೊಡೆದಂತಾಯಿತು. ಓಡಿ ಹೋಗಿ ನೋಡಿದೆ. ಒಂದು ಕಡೆಯಿಂದ ನೋಡಿದರೆ ಬಲಕ್ಕಿರುವ ಬಾಗಿಲು ಇನ್ನೊಂದು ಕಡೆಯಿಂದ ನೋಡಿದರೆ ಎಡಕ್ಕಿರುತ್ತದೆ. ಇದು ಮೂರು ವರ್ಷದ ಮಗುವಿಗೂ ಗೊತ್ತು. ಅಚ್ಚನ್ನು ಈ ಪಕ್ಕಕ್ಕೆ ಮಗುಚಿ ಹಾಕಬೇಕಿತ್ತು. ನಾನು ಹಾಗೆಯೇ ತಂದು ಅಂಟಿಸಿ, ಕೂದಲೆಳೆ ವ್ಯತ್ಯಾಸವಿಲ್ಲದಂತೆ, ಜಗತ್ತಿನ ಅತ್ಯಂತ ಚೂಪಾದ ಅಂಚಿನಲ್ಲಿ, ಬಾಗಿಲು ಗೋಡೆಯ ಕಡೆಗಿದೆ ಎಂದು ಬರೆದಿಟ್ಟಿದ್ದೆ.

"ಇದು ಮಾತ್ರ ನಿಮ್ದೇ," ಎಂದರು ಮಾವ. "ನನ್ನಿಂದ ಎರವಲು ತಗೊಂಡಿದ್ದಲ್ಲ."

ಗಂಟೆ ಒಂದೂ ಮುಕ್ಕಾಲು. ತಪಾಸಣೆಗೆ ಬರುವವನು ಲೀಡ್ಸ್ ಕಡೆಯ ಥ್ಯಾಕ್ರಾ ಎಂಬ ಮನುಷ್ಯ, ಮೂರು ಗಂಟೆಗೆ. ಬಿರುಸು ಮನುಷ್ಯ, ಒಮ್ಮೆ ಕಾಟರ್ ಪಿನ್ನು ಎಂಬ ಬೆರಳುದ್ದದ ಮೊಳೆಯೊಂದು ತುಸು ಸಡಿಲವಿತ್ತೆಂದು ಒಂದು ಡಬ್ಬಿಯನ್ನು ಒಂದು ವರ್ಷ ಮೂಲೆಗೆ ನಿಲ್ಲಿಸಿದವನು. ಐದಕ್ಕೆ ಅವನು ರೈಲು ಹಿಡಿಯಬೇಕು. ಮತ್ತೆ ಬರುವುದು ಮುಂದಿನ ವಸಂತಕ್ಕೆ. ಅಷ್ಟರಲ್ಲಿ ನಾನ್ನೂರ ಹದಿನೇಳು ಯಾರದೋ ಫ್ರಿಜ್ ಆಗಿರುತ್ತದೆ.

ನನ್ನ ಮಿದುಳು ಮಿಂಚಿನಂಥದು. ಕ್ಷಣದಲ್ಲಿ ಉಪಾಯ ಹೊಳೆಯಿತು. "ಮಾವ, ಈ ಪಕ್ಕದ ಹಳೀಲಿ ಒಂದು ಮುಚ್ಚಿದ ವ್ಯಾಗನ್ ಇದೆ. ನಾವಿಬ್ರೂ ತಳ್ಳಿದ್ರೆ ಇದರ ಪಕ್ಕಕ್ಕೇ ಬರತ್ತೆ. ಮಧ್ಯ ಒಬ್ಬ ಮನುಷ್ಯ ತೂರೋದು ಕಷ್ಟ, ಥ್ಯಾಕ್ರಾಗಂತೂ ಹೊಟ್ಟೆ ಇದೆ. ಈ ಕಡೆ ಬರೋದೇ ಇಲ್ಲ. ಪಾಸಾಗ್ಲಿ. ಭಾನುವಾರ ಉತ್ಸವ ಮುಗಿದ್ಮೇಲೆ ಸುಮ್ನೆ ಬಂದು ಬಣ್ಣ ಬದಲಾಯಿಸ್ಬಿಡ್ತೀನಿ. ಹೆಂಗೆ?"

ಮಾವ ಬಾಗಿಲ ತುದಿಗೆ ಹೋಗಿ, ಅದರ ಬುಡದಲ್ಲಿ ನಿಂತುಕೊಂಡರು. ಕೈ ಕಟ್ಟಿಕೊಂಡು ನಿಂತೇ ಇದ್ದರು.

"ಏನ್ ಮಾಡ್ತಿದ್ದೀರಿ ಮಾವ?"

"ನಾಳೆ ಆ ಕಡೆ ಪಟ್ಟೆ ನೋಡ್ಕೊಂಡು ಬರೋನು ನಿಲ್ಲೋ ಜಾಗ ನೋಡ್ತಿದ್ದೀನಿ. ಅವನ ಲೆಕ್ಕದಲ್ಲಿ ಇದು ಬರೀ ಗೋಡೆ, ಹೆದ್ರೋ ಹಂಗಿಲ್ಲ. ಚಿಲಕ ಬಡಿದಾಗ ಮೇಲಿಂದ ಏನ್ ಬೀಳತ್ತೆ ಅಂದ್ರಿ? ಎಷ್ಟು ಟನ್ನು?"

ನಾನು ಬಾಯಿ ತೆರೆದೆ. ಮುಚ್ಚಿದೆ. ಇದು ನನಗೆ ವರ್ಷಕ್ಕೊಮ್ಮೆ ಆಗುವ ಸಂಗತಿ. ನಾಳೆ ಉತ್ಸವದಲ್ಲಿ ಆ ಕಟ್ಟೆಯ ಹತ್ತಿರ ನಿಂತು ಚಿಲಕ ನೋಡಿಕೊಳ್ಳುವವಳು ಯಾರೆಂದು ನನಗೆ ಗೊತ್ತಿತ್ತು. ಬೇರೆ ಯಾರಿಗೂ ಆ ಕೆಲಸ ಬಿಡುವುದಿಲ್ಲ ಎಂದು ಅವಳು ಏಳು ವರ್ಷದಿಂದ ಹೇಳುತ್ತಿದ್ದಳು. ಅವಳಿಗೆ ಯಾವ ತುದಿಯಲ್ಲಿ ಬಾಗಿಲಿದೆ ಎಂದು ಕಣ್ಣು ಮುಚ್ಚಿದರೂ ಗೊತ್ತು. ಆದರೆ ಅವಳಿಗೆ ಸಹಾಯಕ್ಕೆ ಬರುವ ನಾಲ್ಕು ಜನಕ್ಕೆ ಗೊತ್ತಿರುವುದು ಪಟ್ಟೆ ಮಾತ್ರ.

ಮೌರೀನ್ ಮೂರು ಲೋಟ ಚಹಾ ಹಿಡಿದುಕೊಂಡು ಬಂದಳು.

ಇಲ್ಲಿ ಓದುಗರು ಒಂದು ವಿಷಯ ತಿಳಿಯಬೇಕು. ತಪ್ಪು ಒಪ್ಪಿಕೊಳ್ಳುವುದು ಸಾಮಾನ್ಯರ ಕೆಲಸ. ನಾನು ಅದನ್ನೂ ಸಾಮಾನ್ಯವಾಗಿ ಮಾಡುವವನಲ್ಲ.

"ಮೌರೀನ್," ಎಂದೆ, "ಈ ವ್ಯಾಗನ್‌ಗಳು ಹುಟ್ಟಿದಾಗಿನಿಂದ ಇವತ್ತಿನವರೆಗೆ ಲಕ್ಷಾಂತರ ಜನ ಇವಕ್ಕೆ ಬಣ್ಣ ಬಳಿದಿದ್ದಾರೆ. ಕುಡಿದು ಬಳಿದವರಿದ್ದಾರೆ, ಕತ್ತಲಲ್ಲಿ ಬಳಿದವರಿದ್ದಾರೆ. ಅವರಲ್ಲಿ ಒಬ್ಬರೂ ಮಾಡದ ತಪ್ಪನ್ನು ನಾನು ಮಾಡಿದ್ದೇನೆ. ಇದಕ್ಕಿಂತ ದೊಡ್ಡ ತಪ್ಪು ಸಾಧ್ಯವೇ ಇಲ್ಲ. ಬಾ, ತೋರಿಸುತ್ತೇನೆ."

ಅವಳು ನೋಡಿದಳು. ಚಹಾ ಲೋಟಗಳನ್ನು ಒಂದೊಂದಾಗಿ ನೆಲದ ಮೇಲಿಟ್ಟಳು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಏಳು ವರ್ಷ," ಎಂದಳು. ಅಷ್ಟೇ.

ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಬೈಯಲಿಲ್ಲ.

"ಇನ್ನೂ ಇದೆ," ಎಂದೆ. ಒಮ್ಮೆ ಬಾಯಿ ಬಿಟ್ಟರೆ ನಿಲ್ಲಿಸುವುದು ನನಗೆ ಗೊತ್ತಿಲ್ಲವಲ್ಲ. "ಚಕ್ರ ಬಡಿದು ರೈಲು ನಿಲ್ಲಿಸಿದ್ದು ನಾನಲ್ಲ. ಇವರು. ನಾನು ಹುಟ್ಟಿದ್ದು ಮೈಸೂರಿನಲ್ಲಿ, ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಯಾರ್ಡಿನಲ್ಲಲ್ಲ."

"ಅದು ನನಗೆ ಮೊದಲ ವಾರವೇ ಗೊತ್ತಾಯಿತು, ಮಿ ಡಕ್," ಎಂದಳು ಮೌರೀನ್. "ಸುತ್ತಿಗೆಯನ್ನು ನೀನು ಬಡಿಯುವ ಕಡೆಯಿಂದ ಹಿಡಿದುಕೊಂಡಿದ್ದೆ." ಪಟ್ಟೆಯ ಮೇಲೆ ಉಗುರು ಎಳೆದಳು. ಬಣ್ಣ ಸಿಪ್ಪೆಯಂತೆ ಎದ್ದುಬಂತು. "ಇನ್ನೂ ಗಟ್ಟಿಯಾಗಿಲ್ಲ. ಅಕ್ಟೋಬರಿನ ತೇವ. ದೇವರು ದೊಡ್ಡವನು. ಟರ್ಪೆಂಟೈನ್ ತಾ, ಬಟ್ಟೆ ತಾ. ಇದನ್ನು ತೆಗೆಯಬಹುದು. ಹೊಸದನ್ನು ಹಾಕುವುದು ಯಾವುದರಲ್ಲಿ? ಬಿಳಿ ಬಣ್ಣ ಎಲ್ಲಿ?"

ಬಿಳಿ ಬಣ್ಣ ಎರಡೂ ಪಕ್ಕದಲ್ಲಿತ್ತು, ಡಬ್ಬದಲ್ಲಿರಲಿಲ್ಲ. ತಂದರೂ ಆ ತೇವದಲ್ಲಿ ಮೂರು ಗಂಟೆಗೆ ಒಣಗುವ ಮಾತಿಲ್ಲ. ಸೀಮೆಸುಣ್ಣ ಹುಡುಕಿದೆವು, ಬೆರಳಿನ ಉಗುರಿನಷ್ಟು ಒಂದು ಚೂರು ಸಿಕ್ಕಿತು. ನಾವು ಮೂವರೂ ಬಟ್ಟೆ ಹಿಡಿದು ಉಜ್ಜಿದೆವು. ನನ್ನ ಚೂಪು ಅಂಚಿನ ಗೆರೆ ಬೂದು ನೀರಾಗಿ ಇಳಿದು ಹೋಗುವುದನ್ನು ನೋಡುವ ಕಷ್ಟ ನನ್ನ ಶತ್ರುವಿಗೂ ಬೇಡ.

ಎರಡೂ ಮೂವತ್ತೈದಕ್ಕೆ ಅಹಲ್ಯಾ ಬಂದಳು. ಒಂದು ಕೈಯಲ್ಲಿ ಬೂದುಗುಂಬಳಕಾಯಿ; ಅದಕ್ಕೆ ಅವಳು ಲೆಸ್ಟರಿನ ಗುಜರಾತಿ ಅಂಗಡಿಯವರೆಗೆ ಹೋಗಿದ್ದಳು. ಇನ್ನೊಂದು ಕೈಯಲ್ಲಿ ಪೂಜೆ ಚೀಲ. ಮೂವರು ಸೊರಗಿ ನಿಂತಿರುವುದನ್ನು ಕಂಡು, "ಯಾರಿಗೇನಾಯ್ತು?" ಎಂದಳು, ಜಿಪಿ ದನಿಯಲ್ಲಿ.

"ನಿನ್ ಯಜಮಾನ್ರು ಎರಡು ಕಡೆಗೂ ಒಂದೇ ನಾಮ ಹಾಕವ್ರೆ," ಎಂದು ಮಾವ ಎರಡೇ ಮಾತಿನಲ್ಲಿ ತಿಳಿಸಿದರು. ಅವಳಿಗೆ ಅರ್ಥವಾಗಿ, ನಗು ತಡೆಯಲು ಕುಂಬಳಕಾಯಿಗೆ ಮುಖ ಒತ್ತಿಕೊಂಡಳು. ಅಷ್ಟರಲ್ಲಿ ಮಾವ ಚೀಲಕ್ಕೆ ಕೈ ಹಾಕಿ ಅರಿಶಿನ, ಕುಂಕುಮ, ನಿಂಬೆಹಣ್ಣು ಪಕ್ಕಕ್ಕೆ ಸರಿಸುತ್ತಿದ್ದರು. ತಳದಲ್ಲಿ ಅದು ಸಿಕ್ಕಿತು. ಊರಿಂದ ತಂದಿದ್ದ ವಿಭೂತಿ ಗಟ್ಟಿ. ಒಂದಲ್ಲ, ಆರು.

"ಮೌರೀನಮ್ಮಾ," ಎಂದರು ಮಾವ, "ವುಡ್ ಗ್ಲೂ?"

ಬಡಗಿ ಮೇಜಿನ ಮೇಲೆ ಬಿಳಿ ಅಂಟಿನ ಡಬ್ಬಿ ಇತ್ತು. ಮಾವ ಒಂದು ಬಕೆಟ್ಟಿನಲ್ಲಿ ವಿಭೂತಿ ಪುಡಿ ಮಾಡಿ, ಅಂಟು, ನೀರು ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿದರು. ಯಾರ್ಡಿನಲ್ಲಿ ಸುಣ್ಣಕ್ಕೆ ಹೀಗೇ ಅಂಟು ಬೆರೆಸಿ ಗುರುತು ಹಾಕುತ್ತಿದ್ದರಂತೆ. ನಾನು ಅಚ್ಚು ತಂದೆ. ಮೂರು ಜೋಡಿ ಕಣ್ಣು ನನ್ನ ಮೇಲೆ.

"ಮಗುಚಿ," ಎಂದರು ಮಾವ.

"ಮಗುಚು," ಎಂದಳು ಮೌರೀನ್, ಇಂಗ್ಲಿಷಿನಲ್ಲಿ.

"ರೀ, ಮಗುಚಿದ್ರಾ?" ಎಂದಳು ಅಹಲ್ಯಾ.

ಮಗುಚಿದೆ. ಮೌರೀನ್ ಬ್ರಷ್ಷು ನನ್ನ ಕೈಗೆ ಕೊಡಲಿಲ್ಲ. ತಾನೇ ಬಳಿದಳು. ಅಹಲ್ಯಾ ಕಾರಿನಿಂದ ಹೇರ್ ಡ್ರೈಯರ್ ತಂದಳು. ಅದು ಕಾರಿನಲ್ಲಿ ಯಾಕಿತ್ತು ಎಂದು ಇಂದಿಗೂ ಕೇಳುವ ಧೈರ್ಯ ಮಾಡಿಲ್ಲ. ಮೂರಕ್ಕೆ ಐದು ನಿಮಿಷವಿರುವಾಗ ಪಟ್ಟೆ ಒಣಗಿ ಬೆಳ್ಳಗೆ ನಿಂತಿತು, ಎಡಕ್ಕೆ, ಬಾಗಿಲ ಕಡೆಗೆ.

ಥ್ಯಾಕ್ರಾ ಮೂರಕ್ಕೆ ಸರಿಯಾಗಿ ಬಂದ. ಸಣ್ಣ ಟಾರ್ಚು, ದೊಡ್ಡ ಹೊಟ್ಟೆ, ಮುಖದಲ್ಲಿ ಏನೂ ಇಲ್ಲ. ಡಿಕ್ಕಿ ತಡೆಯುವ ಬಫರು ಅದುಮಿದ, ಬ್ರೇಕಿನ ಉದ್ದ ಸನ್ನೆಯನ್ನು ಒತ್ತಿ ಎತ್ತಿದ, ಕೆಳಗೆ ತೂರಿದ, ಮೇಲೆ ಹತ್ತಿದ. ಕೊನೆಗೆ ಸುತ್ತಿಗೆ ತೆಗೆದುಕೊಂಡು ಚಕ್ರ ಬಡಿದ. ಮೊದಲ ಟಣ್ ಎಂದಾಗ ಮಾವ ಅರಿವಿಲ್ಲದೆ ಕತ್ತು ಓರೆ ಮಾಡಿದರು. ಥ್ಯಾಕ್ರಾ ಅದನ್ನು ನೋಡಿದ. ಎರಡನೆಯದು ಬಡಿದು, ಮಾವನ ಮುಖ ನೋಡಿದ. ಮಾವ ತಲೆಯಾಡಿಸಿದರು. ಮೂರನೆಯದಕ್ಕೆ ಸುತ್ತಿಗೆಯನ್ನೇ ಮಾವನ ಕೈಗೆ ಕೊಟ್ಟ. ಮಿಕ್ಕ ಎರಡನ್ನೂ ಮಾವ ಬಡಿದರು, ಥ್ಯಾಕ್ರಾ ಕೇಳಿಸಿಕೊಂಡ.

ಆಮೇಲೆ ಅವನು ಆ ಪಕ್ಕಕ್ಕೆ ಹೋದ. ಪಟ್ಟೆಯ ಮುಂದೆ ನಿಂತ. ಬೆರಳಿನಿಂದ ಮುಟ್ಟಿದ. ಬೆರಳು ಮೂಸಿದ.

"ಇದು ಬಣ್ಣವಲ್ಲ," ಎಂದ.

ಆ ಕ್ಷಣಕ್ಕೆ ನನ್ನ ನಾಲಿಗೆಯ ತುದಿಯಲ್ಲಿ ಒಂದು ಉತ್ತರ ಸಿದ್ಧವಾಗಿತ್ತು: ಹಿಮಾಲಯದ ಖನಿಜ, ಭಾರತೀಯ ರೈಲ್ವೆಯ ಗುಟ್ಟು, ನೂರು ವರ್ಷ ಬಾಳುತ್ತದೆ. ಮೌರೀನಿನ ಮುಖ ನೋಡಿದೆ. ನುಂಗಿಕೊಂಡೆ. ಅದರ ರುಚಿ ಇನ್ನೂ ಬಾಯಲ್ಲಿದೆ.

"ನಾನು ಪಟ್ಟೆಯನ್ನು ತಪ್ಪು ದಿಕ್ಕಿಗೆ ಬಳಿದಿದ್ದೆ," ಎಂದೆ. "ಒಂದು ಗಂಟೆಯ ಹಿಂದೆ ಇವರು ಕಂಡುಹಿಡಿದರು. ಅಳಿಸಿ ಹಾಕಿದ್ದೇವೆ. ಬಣ್ಣ ಇರಲಿಲ್ಲ."

"ಆ್ಯಶ್," ಎಂದರು ಮಾವ.

"ಬೂದಿ," ಎಂದು ಥ್ಯಾಕ್ರಾ ತನ್ನ ಭಾಷೆಯಲ್ಲಿ ತನಗೇ ಹೇಳಿಕೊಂಡ. ಬೆರಳು ಮತ್ತೊಮ್ಮೆ ನೋಡಿಕೊಂಡ. "ಕಲ್ಲಿದ್ದಲಿನ ವ್ಯಾಗನ್ನಿಗೆ ಬೂದಿ. ಇದಕ್ಕಿಂತ ಕೆಟ್ಟದ್ದನ್ನು ನೋಡಿದ್ದೇನೆ." ಅದು ಯಾವುದರ ಬೂದಿ ಎಂದು ಅವನು ಕೇಳಲಿಲ್ಲ. ಹಸುವಿನ ವಿಷಯ ನಾವೂ ಎತ್ತಲಿಲ್ಲ. ಹಿಂದೆ ಸರಿದು, ಪಟ್ಟೆ ನೋಡಿದ, ಬಾಗಿಲು ನೋಡಿದ. ಸುತ್ತು ಹಾಕಿ ಆ ಕಡೆಯ ಪಟ್ಟೆಯನ್ನೂ ನೋಡಿದ. ಮೌರೀನಿನ ಕಡೆ ತಿರುಗಿ ಕೇಳಿದ: "ಇವನು ಹೇಳದೆ ಇದ್ದಿದ್ದರೆ ನಿನಗೆ ಗೊತ್ತಾಗುತ್ತಿತ್ತೆ?"

"ನಾಳೆ ಗೊತ್ತಾಗುತ್ತಿತ್ತು," ಎಂದಳು ಮೌರೀನ್.

ಅವನು ಕಾಗದ ತೆಗೆದು ಬರೆದ. ಬರೆದದ್ದು ನಾಲ್ಕು ಸಾಲು, ಹಿಡಿದದ್ದು ನಾಲ್ಕು ಯುಗ. ಪಾಸ್. ಕೆಳಗೆ ಒಂದು ಷರಾ: ಒಂದು ಪಕ್ಕದ ಪಟ್ಟೆ ತಾತ್ಕಾಲಿಕ, ಮೂವತ್ತು ದಿನದಲ್ಲಿ ಬಣ್ಣ ಬಳಿಯತಕ್ಕದ್ದು, ಡಾಕ್ಟರನ್ನು ಬಿಟ್ಟು ಬೇರೆಯವರು.

ಅವನು ಹೋದ ಮೇಲೆ ಪೂಜೆಯಾಯಿತು. ಕುಂಕುಮ ಇಟ್ಟವರು ಮಾವ, ಕುಂಬಳಕಾಯಿ ಒಡೆದವಳು ಮೌರೀನ್. ಹೇಗೆ ಒಡೆಯಬೇಕೆಂದು ಅಹಲ್ಯಾ ವಿವರಿಸಿ ಮುಗಿಸುವ ಮೊದಲೇ ವೆಲ್ಡಿಂಗ್ ಕೈಯಿಂದ ಎತ್ತಿ ಅಪ್ಪಳಿಸಿದಳು. ಬೀಜಗಳು ಡರ್ಬಿಯವರೆಗೆ ಹಾರಿದವು.

ಮಾರನೆಯ ದಿನ, ವಿಜಯದಶಮಿ, ಮಳೆ ಬರಲಿಲ್ಲ. ಇಂಗ್ಲೆಂಡಿನ ಇತಿಹಾಸದಲ್ಲಿ ಅಕ್ಟೋಬರಿನ ಶನಿವಾರ ಮಳೆ ಬರದೆ ಇದ್ದದ್ದು ಅದೊಂದೇ ಸಲ, ವಿಭೂತಿಯ ಮಹಿಮೆ. ಸಾವಿರಾರು ಜನ ಕಟ್ಟೆಯ ಸುತ್ತ ನೆರೆದಿದ್ದರು. ಅಹಲ್ಯಾ ಇನ್ನೂರು ಎನ್ನುತ್ತಾಳೆ, ಅವಳಿಗೆ ಲೆಕ್ಕ ಬರುವುದಿಲ್ಲ. ಉಗಿ ಎಂಜಿನ್ ನಾನ್ನೂರ ಹದಿನೇಳನ್ನು ಮೆಲ್ಲಗೆ ತಳ್ಳಿಕೊಂಡು ಬಂತು. ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾದವು. ಡ್ರೈವರ್ ತಲೆ ಹೊರಗೆ ಹಾಕಿ ಏನದು ಎಂದ, ಯಾರೂ ಹೇಳಲಿಲ್ಲ. ಕೆಲಸಕ್ಕೆ ಬಂದ ನಾಲ್ವರು ಆ ಕಡೆಯಿಂದಲೇ ಬಂದರು. ವಿಭೂತಿಯ ಪಟ್ಟೆ ನೋಡಿದರು. ಬಾಗಿಲ ತುದಿಯಿಂದ ದೂರ ಸರಿದು ನಿಂತರು.

ಹಿಂಭಾಗ ಎದ್ದಿತು. ಮೌರೀನ್ ಚಿಲಕಕ್ಕೆ ಒಂದೇ ಏಟು ಕೊಟ್ಟಳು. ಕಲ್ಲಿದ್ದಲು ಬಿದ್ದ ಸದ್ದಿಗೆ ಶೆಫೀಲ್ಡಿನಲ್ಲಿ ಟ್ರಾಮುಗಳು ನಿಂತವು ಎಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ. ಧೂಳು ಇಳಿದಾಗ ಮೌರೀನ್ ಖಾಲಿ ವ್ಯಾಗನ್ನಿನ ಒಳಗೆ ನೋಡುತ್ತಾ ನಿಂತಿದ್ದಳು. ಅವಳ ಪಕ್ಕಕ್ಕೆ ಮಾವ ಹೋಗಿ ನಿಂತುಕೊಂಡರು. ನಾನೂ ಹೋದೆ, ಆದರೆ ಮಾತಾಡಲಿಲ್ಲ. ಅಹಲ್ಯಾ ಫೋಟೋ ತೆಗೆದಳು, ಸಾಕ್ಷಿಗೆ ಬೇಕು ಎಂದು.

ಆ ಪಟ್ಟೆಗೆ ಮೌರೀನ್ ಒಂದು ತಿಂಗಳೊಳಗೆ ಬಣ್ಣ ಬಳಿದಳು. ನನ್ನ ಅಚ್ಚನ್ನು ಮಾತ್ರ ಎಸೆಯಲಿಲ್ಲ. ಶೆಡ್ಡಿನ ಬಾಗಿಲ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದಾಳೆ, ಅಡಿಯಲ್ಲಿ ನನ್ನ ಹೆಸರು, ತಾರೀಖು, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಮಾತು: 'ಮಗುಚಿ'. ಹೊಸದಾಗಿ ಸೇರುವವರಿಗೆ ಮೊದಲು ಅದನ್ನು ತೋರಿಸುತ್ತಾಳೆ. ಅವರು ನನ್ನ ಕಡೆ ನೋಡುತ್ತಾರೆ. ನಾನು ಕೈ ಹಿಂದೆ ಕಟ್ಟಿಕೊಂಡು ತಲೆಯಾಡಿಸುತ್ತೇನೆ. ಆ ಶೆಡ್ಡಿನಲ್ಲಿ ಐವತ್ತು ಜನ ಕೆಲಸ ಮಾಡಿದ್ದಾರೆ. ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡವನು ನಾನೊಬ್ಬನೇ.